ಜನಪ್ರಿಯ ಹಾಡುಗಳಲ್ಲಿ ಶಾಸ್ತ್ರೀಯ ಸಂಗೀತದ ಧಾಟಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ನನ್ನ ಮನೆಯಲ್ಲಿ ನಡೆಯುವ ಸಂಗೀತ ಪಾಠಕ್ಕೆ ಬರುವ ಮಕ್ಕಳು, ಅವರನ್ನು ಕರೆತರುವ ಹೆತ್ತವರು, ಮದುವೆ ಮಂಟಪಗಳಲ್ಲಿ ಕೀಬೋರ್ಡ್ ನುಡಿಸುವ ಯುವಕರು ಹಲವು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಸುರಿಯತೊಡಗಿದರೆ ತಂಬೂರಿಯ ಶ್ರುತಿಯೇ ಕೇಳಿಸದೆ ಪಾಠ ನಿಲ್ಲುತ್ತದೆ. ಆಗ ಮಾತು ಹಾಡುಗಳ ಕಡೆ ಹೊರಳುತ್ತದೆ. ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಂಥ ಸಂಜೆಗಳಲ್ಲಿ.

ಒಂದು ಹಾಡು ಶಾಸ್ತ್ರೀಯ ಸಂಗೀತದಿಂದ ಎರವಲು ಪಡೆದಿದೆ ಎಂದರೆ ಏನರ್ಥ?

ಈ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಹಾಡು ಒಂದು ರಾಗವನ್ನು ಆಧರಿಸಿರಬಹುದು. ಒಬ್ಬ ವಾಗ್ಗೇಯಕಾರ ಕಟ್ಟಿದ ನಿರ್ದಿಷ್ಟ ಕೃತಿಯ ಸ್ವರಸಂಚಾರವನ್ನೇ ತೆಗೆದುಕೊಂಡಿರಬಹುದು. ಅಥವಾ ಯಾರೋ ಹಾಡಿ ಧ್ವನಿಮುದ್ರಿಸಿದ ತುಣುಕನ್ನೇ ಕತ್ತರಿಸಿ ಅಂಟಿಸಿಕೊಂಡಿರಬಹುದು. ರಾಗ ಊರಿನ ಕೆರೆಯ ನೀರಿನಂತೆ, ಯಾರು ಬೇಕಾದರೂ ಮೊಗೆಯಬಹುದು. ಕೃತಿಗೆ ಕಟ್ಟಿದವರ ಹೆಸರಿದೆ, ಧ್ವನಿಮುದ್ರಣಕ್ಕೆ ಹಾಡಿದವರ ಮತ್ತು ಮುದ್ರಿಸಿದವರ ಹಕ್ಕಿದೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದರಿಂದಲೇ ಚರ್ಚೆ ಜಗಳವಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪಡೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಕೊಟ್ಟವರ ಹೆಸರನ್ನು ಮರೆಮಾಚುವುದರಲ್ಲಿ ಇದೆ.

ನಾವು ಕೇಳಿರುವ ಹಳೆಯ ಹಿಂದಿ ಹಾಡುಗಳಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಇದೆಯೇ?

ಇದೆ. ಸ್ಪಷ್ಟವಾದ ಉದಾಹರಣೆ 1961ರ ‘ಛಾಯಾ’ ಚಿತ್ರದ ‘ಇತ್‌ನಾ ನ ಮುಝ್‌ಸೆ ತೂ ಪ್ಯಾರ್ ಬಢಾ’ ಎಂಬ ಹಾಡು. ಸಂಗೀತ ಸಲಿಲ್ ಚೌಧರಿ ಅವರದು, ಹಾಡಿದವರು ತಲತ್ ಮಹಮೂದ್ ಮತ್ತು ಲತಾ ಮಂಗೇಶ್ಕರ್. ಇದರ ಪಲ್ಲವಿಯ ಧಾಟಿ ಮೊಜಾರ್ಟ್ 1788ರಲ್ಲಿ ಬರೆದ 40ನೆಯ ಸಿಂಫನಿಯ (ದೊಡ್ಡ ವಾದ್ಯವೃಂದಕ್ಕಾಗಿ ಬರೆದ ರಚನೆಯ) ಮೊದಲ ಭಾಗದ್ದು.

ಸಿಂಫನಿಯ ಆ ಸಾಲನ್ನು ನಮ್ಮ ಸ್ವರಗಳಲ್ಲಿ ಹಾಡಿ ನೋಡಿದರೆ ವಿಷಯ ಅಂಗೈಯಲ್ಲಿ ಇಟ್ಟಂತೆ ಕಾಣುತ್ತದೆ. ಶುದ್ಧ ಧೈವತ ಮತ್ತು ಸಾಧಾರಣ ಗಾಂಧಾರವನ್ನು ಇಟ್ಟುಕೊಂಡು ‘ದಪಪ, ದಪಪ, ದಪಪ’ ಎಂದು ಮೂರು ಸಲ ತಟ್ಟಿ, ಅಲ್ಲಿಂದ ತಾರಸ್ಥಾಯಿಯ ಗಾಂಧಾರಕ್ಕೆ ಒಮ್ಮೆಗೇ ಜಿಗಿಯಬೇಕು. ಬಳಿಕ ‘ಗರಿಸ, ಸನಿದ, ದಪಮಮ’ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಸ್ವರಸ್ಥಾನಗಳು ನಟಭೈರವಿಯವು, ಆದರೆ ಸ್ವರವನ್ನು ತೂಗಿಸಿ ಬಳುಕಿಸುವ ಗಮಕವಿಲ್ಲ, ಹಾಗಾಗಿ ಅದು ನಟಭೈರವಿ ರಾಗವಲ್ಲ. ಸ್ವರಗಳ ಪಟ್ಟಿಗೂ ರಾಗಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಸಿಂಫನಿಯಲ್ಲಿ ಆ ‘ದಪಪ’ ಎದೆಬಡಿತದಂತೆ ಆತುರದ್ದು, ತಲತ್ ಅವರ ದನಿಯಲ್ಲಿ ಅದೇ ಸ್ವರಗಳು ಒಲವಿನ ಹಿಂಜರಿಕೆಯಾಗುತ್ತವೆ. ಸಲಿಲ್ ಚೌಧರಿ ನಿಜವಾಗಿ ಮಾಡಿದ ಕೆಲಸ ಈ ಮಾರ್ಪಾಟು. ಇದನ್ನು ಬರಿಯ ನಕಲು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇಂಗ್ಲಿಷ್ ಪಾಪ್ ಹಾಡುಗಳಲ್ಲಿ ಇಂಥ ಎರವಲುಗಳು ಯಾವುವು?

ಬಹಳ ಇವೆ, ಮೂರನ್ನು ಮಾತ್ರ ಹೇಳುತ್ತೇನೆ. ಎಲ್ವಿಸ್ ಪ್ರೆಸ್ಲಿ 1961ರಲ್ಲಿ ಹಾಡಿದ ‘ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್’ ಹಾಡಿನ ಧಾಟಿಯ ಹಿಂದೆ, ಮಾರ್ತಿನಿ ಎಂಬ ಸಂಯೋಜಕ 1784ರಲ್ಲಿ ರಚಿಸಿದ ‘ಪ್ಲೆಸೀರ್ ದಾಮೂರ್’ ಎಂಬ ಫ್ರೆಂಚ್ ಪ್ರೇಮಗೀತೆ ಇದೆ.

ಎರಡನೆಯದು ದಿ ಟಾಯ್ಸ್ ಎಂಬ ತಂಡದ 1965ರ ‘ಎ ಲವರ್ಸ್ ಕನ್ಸರ್ಟೊ’. ಇದರ ಮೂಲ, ಪಿಯಾನೊ ಕಲಿಯುವ ಮಕ್ಕಳೆಲ್ಲ ನುಡಿಸುವ ಪುಟ್ಟ ‘ಮಿನುಯೆಟ್’. ಸಿದ್ದಾಪುರದ ಕಡೆಯ ಒಂದು ತೋಟದ ಬಂಗಲೆಯಲ್ಲಿ, ಮಳೆಗಾಲದ ತೇವಕ್ಕೆ ಅರ್ಧ ಮನೆಗಳು (ಕೀಲಿಗಳು) ಶ್ರುತಿ ತಪ್ಪಿದ್ದ ಹಳೆಯ ಪಿಯಾನೊ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಅದನ್ನು ನುಡಿಸಿದ್ದು ನನಗೆ ಇನ್ನೂ ನೆನಪಿದೆ. ‘ಪ, ಸರಿಗಮ, ಪ, ಸ, ಸ’ ಎಂದು ಅದರ ಆರಂಭ. ಶಂಕರಾಭರಣದ ಸ್ವರಗಳು, ಮೂರು ಎಣಿಕೆಯ ನಡೆ. ಪಾಪ್ ಹಾಡಿನವರು ಮಾಡಿದ ದೊಡ್ಡ ಬದಲಾವಣೆಯೆಂದರೆ ಮೂರರ ಎಣಿಕೆಯನ್ನು ನಾಲ್ಕಕ್ಕೆ ತಂದದ್ದು. ಆ ಹುಡುಗನಿಗೆ ಅದೇ ಧಾಟಿಯನ್ನು ಚತುರಶ್ರ ನಡೆಯಲ್ಲಿ ಚಪ್ಪಾಳೆ ತಟ್ಟಿ ಹಾಡಿ ತೋರಿಸಿದಾಗ, ಅವನು ಪಿಯಾನೊ ಬಿಟ್ಟು ಎದ್ದು ಕುಣಿಯತೊಡಗಿದ. ಬಹುಕಾಲ ಜರ್ಮನಿಯ ಸಂಯೋಜಕ ಬಾಕ್ ಅವರ ಹೆಸರಿನಲ್ಲಿದ್ದ ಆ ರಚನೆ ವಾಸ್ತವವಾಗಿ ಕ್ರಿಶ್ಚಿಯನ್ ಪೆಟ್ಸೋಲ್ಡ್ ಎಂಬ ಇನ್ನೊಬ್ಬರದು ಎಂದು 20ನೆಯ ಶತಮಾನದಲ್ಲಿ ವಿದ್ವಾಂಸರು ಗುರುತಿಸಿದರು. ಬಾಕ್ ತಮ್ಮ ಪತ್ನಿ ಅನ್ನಾ ಮ್ಯಾಗ್ಡಲೀನಾ ಅವರಿಗಾಗಿ ಇಟ್ಟ 1725ರ ಸಂಗೀತ ಪುಸ್ತಕದಲ್ಲಿ ರಚನೆಕಾರರ ಹೆಸರಿಲ್ಲದೆ ಅದು ಸೇರಿಕೊಂಡಿತ್ತು. ಹೆಸರು ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಸಂಗತಿಯನ್ನು ನಾನು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇನೆ.

ಮೂರನೆಯದು ಎರಿಕ್ ಕಾರ್ಮೆನ್ ಅವರ 1975ರ ‘ಆಲ್ ಬೈ ಮೈಸೆಲ್ಫ್’. ಇದರ ಚರಣದ ಧಾಟಿ ರಷ್ಯಾದ ಸಂಯೋಜಕ ರಖ್ಮಾನಿನೋವ್ ಅವರ ಎರಡನೆಯ ಪಿಯಾನೊ ಕನ್ಸರ್ಟೊದ ನಿಧಾನಗತಿಯ ನಡುಭಾಗದಿಂದ ಬಂದದ್ದು. ರಚನೆ ಹಕ್ಕುಮುಕ್ತವೆಂದು ಕಾರ್ಮೆನ್ ಭಾವಿಸಿದ್ದರು. ಅಮೆರಿಕದಲ್ಲಿ ಅದು ಹಾಗೆಯೇ ಇತ್ತು, ಹೊರಗಿನ ದೇಶಗಳಲ್ಲಿ ಇರಲಿಲ್ಲ. ಕೊನೆಗೆ ರಖ್ಮಾನಿನೋವ್ ಅವರ ವಾರಸುದಾರರಿಗೆ ಹಾಡಿನ ಗೌರವಧನದಲ್ಲಿ ಶೇಕಡಾ 12ರಷ್ಟನ್ನು ಕೊಡಲು ಒಪ್ಪಂದವಾಯಿತು.

ಎಷ್ಟೋ ಹಾಡುಗಳು ಒಂದೇ ಬಗೆಯಾಗಿ ಕೇಳಿಸುವುದು ಏಕೆ?

ಅದಕ್ಕೆ ಒಂದು ಕಾರಣ ಜರ್ಮನಿಯ ಪಾಕೆಲ್‌ಬೆಲ್ ಅವರ ‘ಕ್ಯಾನನ್’. ಅದರ ತಳದಲ್ಲಿ ಮಂದ್ರದ ಎಂಟೇ ಸ್ವರಗಳು, ‘ಸ ಪ ದ ಗ ಮ ಸ ಮ ಪ’ ಎಂದು 28 ಸಲ ಸುತ್ತಿ ಸುತ್ತಿ ಬರುತ್ತವೆ. ಮೇಲಿನ ಪಿಟೀಲುಗಳು ಒಂದರ ಬೆನ್ನಿಗೆ ಒಂದು ಅದೇ ಸಾಲನ್ನು ಹಾಡುತ್ತ ಹೋಗುತ್ತವೆ. ಈ ತಳಪಾಯದ ಮೇಲೆ ಯಾವ ಧಾಟಿಯನ್ನು ಕೂರಿಸಿದರೂ ಕಿವಿಗೆ ಹಿತವಾಗುತ್ತದೆ, ಹಾಗಾಗಿ ಪಾಪ್ ಸಂಗೀತದವರು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ. ಮರೂನ್ ಫೈವ್ ತಂಡದ 2019ರ ‘ಮೆಮೊರೀಸ್’ ಹಾಡಂತೂ ತಳದ ಸ್ವರಗಳಲ್ಲಿ ಮಾತ್ರವಲ್ಲ, ಧಾಟಿಯಲ್ಲೂ ಕ್ಯಾನನ್ನಿನ ಋಣ ಹೊತ್ತಿದೆ.

ನಕಲು ಮಾಡದೆಯೂ ಶಾಸ್ತ್ರೀಯ ಛಾಯೆ ತರಬಹುದೇ?

ತರಬಹುದು, ಮತ್ತು ನನಗೆ ಹೆಚ್ಚು ಇಷ್ಟವಾಗುವ ದಾರಿ ಇದೇ. ಪ್ರೋಕಲ್ ಹಾರಮ್ ತಂಡದ 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ ಕೇಳಿದವರೆಲ್ಲ ಇದು ಬಾಕ್ ಅವರದೇ ರಚನೆ ಎನ್ನುತ್ತಾರೆ. ಇಳಿಯುತ್ತ ಹೋಗುವ ತಳದ ಸ್ವರಗಳಲ್ಲಿ ಬಾಕ್ ಅವರ ಪ್ರಸಿದ್ಧ ‘ಏರ್’ ನೆರಳಿದೆ ನಿಜ, ಆದರೆ ಆರ್ಗನ್ನಿನ ಆ ಸಾಲು ಮ್ಯಾಥ್ಯೂ ಫಿಶರ್ ಅವರದು. ತಮಗೂ ಕರ್ತೃತ್ವ ಸಲ್ಲಬೇಕೆಂದು ಅವರು ನ್ಯಾಯಾಲಯಕ್ಕೆ ಹೋಗಿ, 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದರು. ಹಾಡು ಬಂದು ಆಗಲೇ 42 ವರ್ಷಗಳು ಕಳೆದಿದ್ದವು. ಬೀಟಲ್ಸ್ ತಂಡದ 1969ರ ‘ಬಿಕಾಸ್’ ಹುಟ್ಟಿದ ಬಗೆ ಇನ್ನೂ ಸೊಗಸು. ತನ್ನ ಪತ್ನಿ ಯೋಕೊ ಓನೊ ಬೀಥೋವನ್ ಅವರ ‘ಮೂನ್‌ಲೈಟ್ ಸೊನಾಟಾ’ ನುಡಿಸುವುದನ್ನು ಕೇಳುತ್ತಿದ್ದ ತಾನು, ಅದರ ಸ್ವರಮೇಳಗಳನ್ನು ಹಿಂದುಮುಂದಾಗಿ ನುಡಿಸಲು ಹೇಳಿ, ಅದರ ಸುತ್ತ ಹಾಡು ಕಟ್ಟಿದೆ ಎಂದು ತಂಡದ ಜಾನ್ ಲೆನನ್ ಹೇಳಿಕೊಂಡಿದ್ದರು.

ಕನ್ನಡದ ಕೃತಿಗಳು ಪಾಪ್ ಹಾಡುಗಳಾದದ್ದುಂಟೇ?

ಉಂಟು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಯಮುನಾ ಕಲ್ಯಾಣಿಯಲ್ಲಿ ನಿಧಾನವಾಗಿ, ಅಭಿನಯಕ್ಕೆ ಎಡೆಮಾಡಿಕೊಡುತ್ತ ಹಾಡುವ ರಚನೆ. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಅವರ ‘ಕಲೋನಿಯಲ್ ಕಸಿನ್ಸ್’ ಜೋಡಿ ಅದಕ್ಕೆ ಗಿಟಾರ್ ಮತ್ತು ಇಂಗ್ಲಿಷ್ ಸಾಲುಗಳನ್ನು ಜೋಡಿಸಿ ದೇಶವೆಲ್ಲ ಕೇಳುವಂತೆ ಮಾಡಿತು. ಹರಿಹರನ್ ಶಾಸ್ತ್ರೀಯವಾಗಿ ಪಳಗಿದ ಗಾಯಕರಾದ್ದರಿಂದ ರಾಗದ ಬಳುಕು ಅಲ್ಲಿ ಉಳಿದಿದೆ. ನಾನು ಅದನ್ನು ಸಂತೋಷದಿಂದ ಕೇಳುತ್ತೇನೆ.

ನನ್ನ ನೋವು ಬೇರೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನಾಪೋಕ್ಲು ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಈ ಪದವನ್ನು ಹಾಡಿದಳು. ನಿರೂಪಕರು ‘ತೊಂಬತ್ತರ ದಶಕದ ಜನಪ್ರಿಯ ಪಾಪ್ ಗೀತೆ’ ಎಂದಷ್ಟೇ ಹೇಳಿ ಮುಗಿಸಿದರು. 15–16ನೆಯ ಶತಮಾನದಲ್ಲಿ ಬಾಳಿದ ವ್ಯಾಸರಾಯರ ಹೆಸರು, ಕನ್ನಡ ನಾಡಿನಲ್ಲೇ, ಕನ್ನಡದ ವೇದಿಕೆಯಲ್ಲೇ ಬರಲಿಲ್ಲ. ಹುಡುಗಿ ಕೆಳಗಿಳಿದು ಬಂದು, ‘ಟೀಚರ್, ಅವರು ವ್ಯಾಸರಾಯರ ಹೆಸರು ಹೇಳಲೇ ಇಲ್ಲ’ ಎಂದಳು. ಅಂದಿನಿಂದ ಮಕ್ಕಳು ಹಾಡುವ ಮೊದಲು ರಚನೆ, ರಾಗ, ತಾಳಗಳನ್ನು ತಾವೇ ಹೇಳಬೇಕೆಂಬ ಕಟ್ಟುಪಾಡು ಮಾಡಿದ್ದೇನೆ.

ಬೆಂಗಳೂರಿನ ‘ಅಗಂ’ ತಂಡ ರಾಕ್ ಸಂಗೀತದ ನಡುವೆ ಮುತ್ತುಸ್ವಾಮಿ ದೀಕ್ಷಿತರ ‘ರಂಗಪುರ ವಿಹಾರ’ ಹಾಡುತ್ತದೆ. ಇನ್ನೊಂದು ತಿರುವೂ ಇದೆ: 1985ರ ತಮಿಳು ಚಿತ್ರ ‘ಸಿಂಧು ಭೈರವಿ’ಯಲ್ಲಿ ಇಳಯರಾಜ ಅವರು ತ್ಯಾಗರಾಜರ ‘ಮರಿ ಮರಿ ನಿನ್ನೇ’ ಕೃತಿಯ ಸಾಹಿತ್ಯವನ್ನು ಉಳಿಸಿಕೊಂಡು, ಕಾಂಭೋಜಿಯ ಬದಲು ಸಾರಮತಿಯಲ್ಲಿ ಕೂರಿಸಿ, ಜನಪದ ಧಾಟಿಯ ಹಾಡೊಂದರ ಜೊತೆ ಬೆಸೆದರು. ಅಲ್ಲಿ ಎರವಲು ಪಡೆದದ್ದು ಮಾತು, ಧಾಟಿಯಲ್ಲ.

ಒಂದೇ ರಾಗದಲ್ಲಿದ್ದರೆ ಎರಡು ಹಾಡುಗಳು ಹೋಲುವುದು ಸಹಜವಲ್ಲವೇ? ಕಳವು ಎನ್ನುವುದು ಯಾವಾಗ?

ಕಾಂತಾರ ಬಂದ 2022ರ ಬಳಿಕ ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ‘ವರಾಹ ರೂಪಂ’ ಹಾಡು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದ ‘ನವರಸಂ’ ಅನ್ನು ಹೋಲುತ್ತದೆ ಎಂಬ ತಕರಾರು ಕೇರಳದ ನ್ಯಾಯಾಲಯಗಳನ್ನು ತಲುಪಿತು. ಒಟಿಟಿಯಲ್ಲಿ ಕೆಲಕಾಲ ಬೇರೆ ಧಾಟಿಯ ಹಾಡು ಕೇಳಿಸಿತು, ಮುಂದೆ ಮೂಲ ಹಾಡು ಮರಳಿತು. ಹೋಲಿಕೆ ರಾಗದ ನೆಲೆಯಿಂದ ಬಂದದ್ದು ಎಂಬುದು ಚಿತ್ರದ ಕಡೆಯವರ ವಾದವಾಗಿತ್ತು.

ಎರಡನೆಯ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರಕ್ಕಾಗಿ ಎ.ಆರ್. ರೆಹಮಾನ್ ಸಂಯೋಜಿಸಿದ ‘ವೀರ ರಾಜ ವೀರ’ ಹಾಡು, ಧ್ರುಪದ ಎಂಬ ಹಳೆಯ ಹಿಂದೂಸ್ತಾನಿ ಗಾಯನಶೈಲಿಯ ಡಾಗರ್ ಮನೆತನದ ‘ಶಿವ ಸ್ತುತಿ’ಯಿಂದ ಬಂದದ್ದು ಎಂದು ಆ ಮನೆತನದ ಗಾಯಕ ಫೈಯಾಜ್ ವಾಸಿಫುದ್ದೀನ್ ಡಾಗರ್ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದರು. 2025ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು; ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ಬದಿಗೆ ಸರಿಸಿತು. ಹಾಡಿದವರು ಎಂಬುದು ಬೇರೆ, ರಚಿಸಿದವರು ಎಂಬುದು ಬೇರೆ ಎನ್ನುವ ಪ್ರಶ್ನೆಯ ಸುತ್ತ ಆ ತೀರ್ಪು ಸುತ್ತಿತು. ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಇಳಿದುಬಂದ ಸಂಗೀತದಲ್ಲಿ ಕಾಗದದ ಸಾಕ್ಷಿ ಎಲ್ಲಿಂದ ತರುವುದು? ಈ ಕಷ್ಟ ನಮ್ಮ ಎಲ್ಲ ಘರಾಣೆಗಳಿಗೂ ಗುರುಕುಲಗಳಿಗೂ ಉಂಟು.

ನಾನು ಮಕ್ಕಳಿಗೆ ಕೊಡುವ ಅಳತೆ ಸರಳವಾದದ್ದು. ಆರೋಹಣ, ಅವರೋಹಣ ಮತ್ತು ರಾಗದ ರೂಢಿಯ ಸಂಚಾರಗಳು ಹೊಂದಿದರೆ ಅದು ರಾಗದ ಹೋಲಿಕೆ. ಸಂಚಾರಗಳ ಅನುಕ್ರಮ, ತಾಳದಲ್ಲಿ ಅವು ಎತ್ತಿಕೊಳ್ಳುವ ಜಾಗ, ನಿಲ್ಲುವ ಸ್ವರ, ವಾದ್ಯಗಳ ಜೋಡಣೆ ಇವೆಲ್ಲವೂ ಒಟ್ಟಿಗೆ ಹೊಂದಿದರೆ ಅದು ರಚನೆಯ ಹೋಲಿಕೆ.

ಕೀಬೋರ್ಡಿನಲ್ಲಿ ನುಡಿಸಿದಾಗ ರಾಗ ಸಪ್ಪೆಯಾಗುವುದೇಕೆ?

ಕೀಬೋರ್ಡಿನ ಪ್ರತಿ ಮನೆಗೂ ಒಂದು ನಿಶ್ಚಿತ ಸ್ವರವಿದೆ. ತೋಡಿಯ ಗಾಂಧಾರಕ್ಕೆ ಅಂಥ ಒಂದು ಜಾಗವಿಲ್ಲ. ಅದು ರಿಷಭ ಮತ್ತು ಮಧ್ಯಮಗಳ ನಡುವೆ ತೂಗುತ್ತಿರುತ್ತದೆ, ಆ ತೂಗಾಟವೇ ಅದರ ಪ್ರಾಣ. ಮೋಹನ, ಶಂಕರಾಭರಣ, ಹಂಸಧ್ವನಿಗಳು ಕೀಬೋರ್ಡಿನಲ್ಲಿ ತಕ್ಕಮಟ್ಟಿಗೆ ಬದುಕುತ್ತವೆ; ತೋಡಿ, ಸಹಾನ, ಬೇಗಡೆ ಬದುಕುವುದಿಲ್ಲ.

ಇನ್ನೊಂದು ತೊಡಕು ಸ್ವರಮೇಳಗಳದು, ಅಂದರೆ ಕಾರ್ಡುಗಳದು. ಮೋಹನದಲ್ಲಿ ‘ಸ ರಿ ಗ ಪ ದ’ ಮಾತ್ರ ಇವೆ. ಅದಕ್ಕೆ ಗಿಟಾರ್ ಹಿಡಿದವರು ರೂಢಿಯಂತೆ ‘ಮ ದ ಸ’ ಕಾರ್ಡನ್ನೋ ‘ಪ ನಿ ರಿ’ ಕಾರ್ಡನ್ನೋ ಒತ್ತಿದರೆ ರಾಗದಲ್ಲಿಲ್ಲದ ಮಧ್ಯಮವೂ ನಿಷಾದವೂ ಸದ್ದಿಲ್ಲದೆ ಒಳಗೆ ಬರುತ್ತವೆ. ಕೇಳುವವರಿಗೆ ಏನೋ ಬದಲಾಯಿತು ಎನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಸಂಗೀತ ತಿಳಿದ ವಾದ್ಯಸಂಯೋಜಕರು ಇಂಥಲ್ಲಿ ಕಾರ್ಡು ಬಿಟ್ಟು, ‘ಸ–ಪ’ ಶ್ರುತಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಕೊಡಗಿನ ಯುವ ವಾದಕರಿಗೆ ನನ್ನ ವಿನಂತಿಯೂ ಇದೇ.

ಶಾಸ್ತ್ರೀಯ ಸಂಗೀತದವರು ಹೊರಗಿನಿಂದ ಏನನ್ನೂ ಪಡೆದಿಲ್ಲವೇ?

ಧಾರಾಳವಾಗಿ ಪಡೆದಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರು (1775–1835) ಮದ್ರಾಸಿನ ಬಳಿಯ ಮಣಲಿಯಲ್ಲಿದ್ದಾಗ ಬ್ರಿಟಿಷರ ಕೋಟೆಯ ಬ್ಯಾಂಡಿನ ಸಂಗೀತವನ್ನು ಕೇಳಿ, ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ‘ನೋಟುಸ್ವರ ಸಾಹಿತ್ಯ’ ಎಂದು ಹೆಸರಾದ ಈ ರಚನೆಗಳೆಲ್ಲ ಶಂಕರಾಭರಣದಲ್ಲಿವೆ. ‘ಸಂತತಂ ಪಾಹಿ ಮಾಂ’ ಹಾಡಿದರೆ ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿ ಕೇಳುತ್ತದೆ. ‘ಶ್ಯಾಮಲೇ ಮೀನಾಕ್ಷಿ’ ಹಾಡಿದರೆ ನಮ್ಮ ಅಂಗನವಾಡಿಯ ಮಕ್ಕಳೂ ‘ಟ್ವಿಂಕಲ್ ಟ್ವಿಂಕಲ್’ ಎಂದು ದನಿಗೂಡಿಸುತ್ತಾರೆ. ಅದೇ ಹಳೆಯ ಫ್ರೆಂಚ್ ಧಾಟಿಯ ಮೇಲೆ ಮೊಜಾರ್ಟ್ ಪಿಯಾನೊಗಾಗಿ ಹನ್ನೆರಡು ರೂಪಾಂತರಗಳನ್ನು ಬರೆದಿದ್ದರು. ಅಣ್ಣನ ಜೊತೆಗಿದ್ದ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತರು. ಇಂದು ಆ ಪಿಟೀಲು ಇಲ್ಲದ ಕರ್ನಾಟಕ ಸಂಗೀತ ಕಛೇರಿ ಅಪರೂಪ.

ನಮ್ಮ ಪಕ್ಕದ ಮೈಸೂರಿನ ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. ಅವರೇ ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ರಚನೆಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದರು.

ಕೊಡಗಿನ ವಾಲಗದ ಧಾಟಿಗಳಿಗೂ ಶಾಸ್ತ್ರೀಯ ರಾಗಗಳಿಗೂ ನಂಟಿದೆಯೇ?

ವಾಲಗದ ಧಾಟಿಯಲ್ಲಿ ಯಾವ ರಾಗವಿದೆ ಎಂದು ಹುಡುಕುವ ಉತ್ಸಾಹ ಹಲವರಿಗೆ ಇದೆ. ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟವರು ವೃತ್ತವಾಗಿ ಕುಣಿಯುವಾಗ ಮರಳಿ ಮರಳಿ ಬರುವ ಆ ಗಿಡ್ಡ ಸಂಚಾರಗಳು ಹೆಜ್ಜೆಗಾಗಿ ಹುಟ್ಟಿದವು, ರಾಗವಿಸ್ತಾರಕ್ಕಲ್ಲ. ಅವಕ್ಕೆ ರಾಗದ ಹೆಸರು ಅಂಟಿಸಿದರೆ ಗೌರವ ಹೆಚ್ಚುತ್ತದೆ ಎಂಬ ಭಾವನೆಯನ್ನು ಬಿಡಬೇಕು. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ಗೆ ಅದರದೇ ಘನತೆ ಉಂಟು. ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಈ ಹಾಡುಗಳನ್ನು ಸಂಗ್ರಹಿಸಿ ಕೊಟ್ಟದ್ದರಿಂದ ಅವುಗಳ ಸಾಹಿತ್ಯವಾದರೂ ನಮಗೆ ಉಳಿಯಿತು. ಇತ್ತ ಹರಿದಾಸ ಅಪ್ಪಚ್ಚ ಕವಿಗಳು ಹರಿಕಥೆಯ ಹಿನ್ನೆಲೆಯಿಂದ ಬಂದು ಕೊಡವ ಭಾಷೆಯಲ್ಲಿ ಹಾಡುಗಳಿಂದ ತುಂಬಿದ ನಾಟಕಗಳನ್ನು ಬರೆದರು.

ಈಗ ಮದುವೆಗಳಲ್ಲಿ ವಾಲಗದ ಧಾಟಿಗೆ ಡ್ರಮ್ ಪ್ಯಾಡ್ ಸೇರಿಸಿ ನುಡಿಸುತ್ತಾರೆ, ಮೊಬೈಲ್‌ಗಳಲ್ಲಿ ಹಂಚುತ್ತಾರೆ. ನುಡಿಸಲಿ, ಆದರೆ ಅದರ ಕೆಳಗೆ ‘ಸಂಗೀತ’ ಎಂದು ತಮ್ಮ ಒಬ್ಬರ ಹೆಸರನ್ನೇ ಬರೆದುಕೊಳ್ಳುವುದು ಸಲ್ಲದು. ‘ಸಾಂಪ್ರದಾಯಿಕ’ ಎಂಬ ಒಂದು ಪದ ಸಾಕು, ಜೊತೆಗೆ ವಾಲಗ ಊದಿದವರ ಹೆಸರು ಇರಲೇಬೇಕು.

ಹಳೆಯ ಕೃತಿಗಳನ್ನು ಬಳಸಲು ಅನುಮತಿ ಬೇಕೇ?

1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಸಂಗೀತ ರಚನೆಗೆ ರಕ್ಷಣೆ ಇರುವುದು ರಚನೆಕಾರರ ಜೀವಿತಕಾಲ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. ಪುರಂದರದಾಸರು, ತ್ಯಾಗರಾಜರು, ಮೊಜಾರ್ಟ್ ಇವರ ರಚನೆಗಳಿಗೆ ಯಾರ ಅನುಮತಿಯೂ ಬೇಡ. 1943ರಲ್ಲಿ ತೀರಿಕೊಂಡ ರಖ್ಮಾನಿನೋವ್ ಅವರ ರಚನೆಗಳ ಅವಧಿ ಈ ಲೆಕ್ಕದಲ್ಲಿ 2003ಕ್ಕೆ ಮುಗಿಯಿತು. ಧ್ವನಿಮುದ್ರಣಕ್ಕೆ ಪ್ರತ್ಯೇಕ ಹಕ್ಕಿದೆ, ಪ್ರಕಟವಾದ ಬಳಿಕ 60 ವರ್ಷ. ಆದ್ದರಿಂದ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ನೀವು ಹಾಡಿ ಯೂಟ್ಯೂಬಿಗೆ ಹಾಕಬಹುದು, ಭೀಮಸೇನ ಜೋಶಿಯವರ ಮುದ್ರಣವನ್ನು ನಿಮ್ಮ ವಿಡಿಯೊ ಹಿಂದೆ ಇಡಲಾಗದು.

ಮದುವೆಯ ಬಗ್ಗೆ ಕೇಳುವವರಿಗೆ: ಧಾರ್ಮಿಕ ವಿಧಿಗಳಲ್ಲಿ, ಮದುವೆಯ ದಿಬ್ಬಣದಲ್ಲಿ, ಮದುವೆಗೆ ಸೇರಿದ ಸಮಾರಂಭಗಳಲ್ಲಿ ಹಾಡುವುದು, ಹಾಡು ಕೇಳಿಸುವುದು ಉಲ್ಲಂಘನೆಯಲ್ಲ ಎಂದು ಕಾಯಿದೆಯ 52ನೆಯ ಕಲಮಿನಲ್ಲಿ ಹೇಳಿದೆ. ಟಿಕೆಟ್ ಇಟ್ಟು ರೆಸಾರ್ಟಿನಲ್ಲಿ ನಡೆಸುವ ಕಾರ್ಯಕ್ರಮಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಸಿನಿಮಾ ಹಾಡು ಹಾಡಿದರೆ ಮಗುವಿನ ಶಾಸ್ತ್ರೀಯ ಪಾಠ ಕೆಡುತ್ತದೆಯೇ?

ಕೆಡುವುದಿಲ್ಲ. ಸರಳೆ, ಜಂಟಿ ವರಸೆಗಳ ಅಭ್ಯಾಸ ತಪ್ಪಿಸಿದರೆ ಕೆಡುತ್ತದೆ.

ಒಂದು ಹಾಡಿನ ಮೂಲವನ್ನು ನಾವೇ ಪತ್ತೆ ಮಾಡುವುದು ಹೇಗೆ?

ಮೊದಲು ಹಾಡಿನ ಮಾತುಗಳನ್ನು ಬಿಟ್ಟು ‘ಲಾಲಾ’ ಎಂದು ಗುನುಗಿರಿ. ಮಾತು ಹೋದರೆ ಧಾಟಿಯ ಎಲುಬು ಕಾಣುತ್ತದೆ. ಹಾಡು ಎಲ್ಲಿ ಬಂದು ನೆಮ್ಮದಿಯಾಗಿ ನಿಲ್ಲುತ್ತದೋ ಹೆಚ್ಚಾಗಿ ಅದೇ ಷಡ್ಜ. ಅದನ್ನು ಶ್ರುತಿಪೆಟ್ಟಿಗೆಯಲ್ಲಿ ಹಿಡಿದಿಟ್ಟು, ಮೊಬೈಲಿನಲ್ಲಿ ಹಾಡಿನ ವೇಗವನ್ನು ಅರ್ಧಕ್ಕೆ ಇಳಿಸಿ, ಮೊದಲ ಸಾಲನ್ನು ಸ್ವರಗಳಲ್ಲಿ ಬರೆದುಕೊಳ್ಳಿ. ತಪ್ಪಾದರೂ ಚಿಂತೆಯಿಲ್ಲ, ನಾಲ್ಕು ಸಲ ತಿದ್ದಿದರೆ ಸರಿಯಾಗುತ್ತದೆ. ಬಳಿಕ ಎಣಿಕೆ ಮೂರರದೋ ನಾಲ್ಕರದೋ ನೋಡಿ, ಅದನ್ನು ಬದಲಿಸಿಯೂ ಹಾಡಿ. ಮಿನುಯೆಟ್‌ನಂತೆ ಮೂಲ ಬೇರೆ ನಡೆಯಲ್ಲಿ ಅಡಗಿರಬಹುದು. ಆ ಕಾಗದವನ್ನು ಪಾಠಕ್ಕೆ ಬರುವಾಗ ತನ್ನಿ. ಶನಿವಾರ ಸಂಜೆ ಕೊನೆಯ ಅರ್ಧ ಗಂಟೆಯನ್ನು ಅದಕ್ಕೆಂದೇ ಇಟ್ಟಿದ್ದೇನೆ. ಕರೆಂಟು ಹೋದರೂ ಸ್ವರ ಹಾಡಲು ಅಡ್ಡಿಯಿಲ್ಲ.